‘ಇದ್ದರೆ’ ಎಂಬ ಮರೆ

1748ರ ಮಾರ್ಚ್. ಉತ್ತರ ಅಟ್ಲಾಂಟಿಕ್‌ನಲ್ಲಿ ಬಿರುಗಾಳಿಗೆ ಸಿಕ್ಕ ಹಡಗಿನೊಳಕ್ಕೆ ನೀರು ನುಗ್ಗುತ್ತಿತ್ತು. ಬಾಯಿ ತೆರೆದರೆ ಬೈಗುಳವೇ ಎನ್ನುವಂತಿದ್ದ ಇಪ್ಪತ್ತೆರಡರ ನಾವಿಕ ಜಾನ್ ನ್ಯೂಟನ್ ಅಂದು ದೇವರನ್ನು ಕರೆದ. ಬದುಕಿ ದಡ ಸೇರಿದ. ವರ್ಷವರ್ಷವೂ ಆ ದಿನವನ್ನು ನೆನೆದು ಪ್ರಾರ್ಥಿಸಿದ.

ಕಥೆ ಇಲ್ಲಿಗೇ ಮುಗಿದಿದ್ದರೆ ಪ್ರಸಂಗ ಹೇಳುವವರಿಗೆ ಸಲೀಸಾಗುತ್ತಿತ್ತು. ಆದರೆ ಅವನು ಆಮೇಲೆ ಗುಲಾಮರನ್ನು ಸಾಗಿಸುವ ಹಡಗುಗಳ ಕಪ್ತಾನನಾದ. ಆಫ್ರಿಕಾದಿಂದ ಮೂರು ಸಲ ಮನುಷ್ಯರನ್ನು ತುಂಬಿಕೊಂಡು ಹೋದ. ಮೇಲೆ ಪ್ರಾರ್ಥನೆ, ಕೆಳಗೆ ಸಂಕೋಲೆ. 1754ರಲ್ಲಿ ಕಡಲು ಬಿಟ್ಟದ್ದೂ ಕಾಯಿಲೆ ಬಿದ್ದು, ಮನಸ್ಸಾಕ್ಷಿ ಚುಚ್ಚಿ ಅಲ್ಲ. 1764ರಲ್ಲಿ ಪಾದ್ರಿಯಾದ, ಮುಂದೆ ‘ಅಮೇಜಿಂಗ್ ಗ್ರೇಸ್’ ಎಂಬ ಸ್ತುತಿಗೀತೆ ಬರೆದ. ಗುಲಾಮ ವ್ಯಾಪಾರದ ವಿರುದ್ಧ ಅವನ ಪುಸ್ತಿಕೆ ಅಚ್ಚಾದದ್ದು 1788ರಲ್ಲಿ. ಬಿರುಗಾಳಿ ಕಳೆದು ನಲವತ್ತು ವರ್ಷಕ್ಕೆ!

ಕನ್ನಡ ಕ್ರೈಸ್ತರು ಪಶ್ಚಾತ್ತಾಪಕ್ಕೆ ‘ಮಾನಸಾಂತರ’ ಎನ್ನುವುದುಂಟು. ಬೈಬಲಿನ ಮೂಲದ ಗ್ರೀಕ್ ಪದಕ್ಕೂ ಮನಸ್ಸು ಬದಲಾಗುವುದೆಂದೇ ಅರ್ಥ; ಅದರ ಹಿಂದಿನ ಹೀಬ್ರೂ ಪದಕ್ಕೆ ‘ಹಿಂತಿರುಗು’ ಎಂದು. ಎರಡರಲ್ಲೂ ಕಣ್ಣೀರಿನ ಮಾತಿಲ್ಲ. ದೇವರ ಕ್ಷಮೆ ಸಂಪಾದಿಸುವಂಥದ್ದಲ್ಲ, ಕ್ರಿಸ್ತನ ಮೂಲಕ ಪುಕ್ಕಟೆ ಸಿಗುವುದು ಎಂಬುದು ಆ ನಂಬಿಕೆಯ ಬುಡ. ಹಾಗಾದರೆ ನಾವು ಮಾಡಬೇಕಾದ್ದೇನು? ಬೈಬಲಿನಲ್ಲಿ ಬರುವ ಯೆರಿಕೋವಿನ ಜಕ್ಕಾಯನನ್ನು ನೋಡಿ. ಸುಂಕದವರ ಮುಖ್ಯಸ್ಥ, ಊರೇ ಹಳಿಯುತ್ತಿದ್ದ ಆಸಾಮಿ. ಯೇಸು ತಾನಾಗಿಯೇ ಅವನ ಮನೆಗೆ ಬಂದ. ಲೆಕ್ಕ ಎದ್ದದ್ದು ಆಮೇಲೆ: ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸಹೋದವರಿಗೆ ನಾಲ್ಕರಷ್ಟು. ತಾನಾಗಿ ಒಪ್ಪಿಕೊಂಡವನಿಂದ ಮೋಶೆಯ ಧರ್ಮಶಾಸ್ತ್ರ ಕೇಳುತ್ತಿದ್ದದ್ದು ಅಸಲಿನ ಜತೆಗೆ ಐದನೆಯ ಒಂದು ಭಾಗ ಅಷ್ಟೇ.

ನಾವೋ, ‘ನನ್ನಿಂದ ಏನಾದರೂ ತಪ್ಪಾಗಿದ್ದರೆ ಕ್ಷಮಿಸಿ’ ಎಂದು ಕೈಮುಗಿದು ಹಗುರಾಗುತ್ತೇವೆ. ಆ ‘ಇದ್ದರೆ’ಯ ಮರೆಯಲ್ಲಿ ಎಷ್ಟು ಬೇಕಾದರೂ ಅಡಗಿಸಬಹುದು. (ಜಕ್ಕಾಯನ ಮಾತಿನಲ್ಲೂ ಒಂದು ‘ಇದ್ದರೆ’ ಇದೆ, ಆದರೆ ಅದರ ಬಾಲಕ್ಕೆ ನಾಲ್ಕರ ಅಂಕಿ ಕಟ್ಟಿದೆ.) ಇಂದು ಮಲಗುವ ಮುನ್ನ ಒಂದು ಕ್ಷಮಾಪಣೆಯನ್ನು ‘ಇದ್ದರೆ’ ಇಲ್ಲದೆ ಬರೆದು ನೋಡಿ: ಯಾರಿಗೆ, ಯಾವಾಗ, ಏನು ಮಾಡಿದೆ, ಏನು ಹಿಂತಿರುಗಿಸಬೇಕು. ಎರಡನೆಯ ಸಾಲಿಗೇ ಪೆನ್ನು ತಡವರಿಸುತ್ತದೆ.

ನ್ಯೂಟನ್ ತನ್ನ ಪುಸ್ತಿಕೆಯನ್ನು ‘ಇದ್ದರೆ’ ಇಲ್ಲದೆಯೇ ಬರೆದ. ಹಡಗಿನೊಳಗೆ ಜನರನ್ನು ಹೇಗೆ ಒತ್ತೊತ್ತಾಗಿ ಮಲಗಿಸುತ್ತಿದ್ದರು, ಹೇಗೆ ಹಿಂಸಿಸುತ್ತಿದ್ದರು ಎಂದು ಕಂಡವನಾಗಿ, ಪಾಲುಗಾರನಾಗಿ ಹೇಳಿದ. ಈ ತಪ್ಪೊಪ್ಪಿಗೆ ತೀರಾ ತಡವಾಯಿತೆಂದೂ ಒಪ್ಪಿಕೊಂಡ. 1807ರ ಮಾರ್ಚ್‌ನಲ್ಲಿ ಬ್ರಿಟನ್ ಗುಲಾಮ ವ್ಯಾಪಾರವನ್ನು ನಿಷೇಧಿಸಿತು. ಆ ಡಿಸೆಂಬರಿನಲ್ಲಿ, ಕಣ್ಣು ಮಂಜಾಗಿದ್ದ ಮುದುಕ ತೀರಿಕೊಂಡ.