ತಿಳಿಯದ್ದನ್ನು ಮುಚ್ಚಿಟ್ಟರೆ ಸುಳ್ಳೇ?

ದೈವಶಾಸ್ತ್ರದ ಸ್ನಾತಕೋತ್ತರ ಅಧ್ಯಯನದ ದಿನಗಳಲ್ಲಿ, ಮಾರ್ಗದರ್ಶಕ ಗುರುಗಳ ಭೇಟಿಯ ಹಿಂದಿನ ರಾತ್ರಿಯೆಲ್ಲಾ ಸಿದ್ಧತೆ ನಡೆಸುತ್ತಿದ್ದೆ. ತಿಳಿದದ್ದನ್ನು ತೋರಿಸಲು, ತಿಳಿಯದ್ದನ್ನು ಮುಚ್ಚಲು! ಬಾಯಲ್ಲಿ ಸುಳ್ಳಿರಲಿಲ್ಲ, ನಿಜ. ಆದರೂ ಮನಸ್ಸಾಕ್ಷಿ ಚುಚ್ಚುತ್ತಿತ್ತು.

ಸಂತ ತೋಮಸ್ ಅಕ್ವಿನಾಸರು ತಮ್ಮ 'ಸುಮ್ಮಾ'ದಲ್ಲಿ ಕಲಿಯುವ ಮನಸ್ಸನ್ನು ವಿವೇಕವೆಂಬ ಸದ್ಗುಣದ ಭಾಗವಾಗಿಯೇ ಎಣಿಸುತ್ತಾರೆ. ವಿವೇಕದಲ್ಲಿ ಯಾರೂ ಸ್ವಯಂಪೂರ್ಣರಲ್ಲ, ಪಂಡಿತರೂ ಅಲ್ಲ ಎಂಬುದು ಅವರ ವಾದ. ಪಾಪನಿವೇದನೆಗೆ ಆತ್ಮಶೋಧನೆ ಮಾಡಿಕೊಂಡು ಹೋಗುವ ನಾವು, ಗುರುಗಳ ಬಳಿಗೆ ಮಾತ್ರ ಗಾಯ ಮುಚ್ಚಿಕೊಂಡು ಹೋಗುತ್ತೇವೆ. ವೈದ್ಯರಿಗೆ ನೋವಿಲ್ಲದ ಕೈಯನ್ನೇ ಚಾಚಿದ ಹಾಗೆ!

ಒಮ್ಮೆ ಧೈರ್ಯ ಮಾಡಿ, ಎಲ್ಲೆಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆಂದು ಅರ್ಧ ಹಾಳೆಯಲ್ಲಿ ಬರೆದುಕೊಂಡು ಹೋದೆ. ಮೊದಲ ಪ್ರಶ್ನೆ ಓದಿದ ಗುರುಗಳು ಕನ್ನಡಕ ತೆಗೆದಿಟ್ಟು, "ಇದು ನನಗೂ ಬಗೆಹರಿದಿಲ್ಲ. ಕುಳಿತುಕೋ" ಎಂದರು.