ಹರಿದಾಸರ ಹೆಗಲಿನ ತಂಬೂರಿ

॥ ಶ್ರೀ ಗುರುಭ್ಯೋ ನಮಃ ॥



ಪುಷ್ಯ ಬಹುಳ ಅಮಾವಾಸ್ಯೆಯಂದು ಶ್ರೀಪುರಂದರದಾಸರ ಆರಾಧನೆ. ಅದರ ಮರುದಿನದಿಂದ ಎಣಿಸಿದರೆ ಒಂಬತ್ತನೆಯ ದಿನ ಮಧ್ವನವಮಿ. ಉಡುಪಿಯ ಶ್ರೀ ಅನಂತೇಶ್ವರನ ಸನ್ನಿಧಿಯಲ್ಲಿ ಶಿಷ್ಯರಿಗೆ ಪಾಠ ಹೇಳುತ್ತಿದ್ದ ಶ್ರೀಮದಾಚಾರ್ಯರು ಪುಷ್ಪವೃಷ್ಟಿಯ ನಡುವೆ ಅದೃಶ್ಯರಾಗಿ ಬದರಿಗೆ ತೆರಳಿದ ಪುಣ್ಯದಿನವದು. ಈ ಎರಡು ಪರ್ವಗಳ ನಡುವಣ ದಿನಗಳನ್ನು ನಡಿಗೆಯಲ್ಲಿಯೇ ಕಳೆಯಬೇಕೆಂಬ ಸಂಕಲ್ಪದಿಂದ ಕಳೆದ ಮಾಘಮಾಸದಲ್ಲಿ ನಾವು ಹನ್ನೊಂದು ಮಂದಿ ಹಂಪೆಯ ಪುರಂದರ ಮಂಟಪದಿಂದ ಹೊರಟು, ಕಂಪ್ಲಿ, ಸಿರುಗುಪ್ಪಗಳ ಮಾರ್ಗವಾಗಿ ಮಂತ್ರಾಲಯಕ್ಕೆ ಕಾಲ್ನಡಿಗೆಯಲ್ಲಿ ಹೋಗಿಬಂದೆವು. ಆ ಯಾತ್ರೆಯಲ್ಲಿ ನಮ್ಮೊಡನೆ ಒಂದು ತಂಬೂರಿಯೂ ಇದ್ದಿತು. ಅದನ್ನು ಕುರಿತು ನಾಲ್ಕು ಮಾತುಗಳನ್ನು ಸಜ್ಜನರ ಮುಂದೆ ನಿವೇದಿಸುವುದೇ ಈ ಲೇಖನದ ಉದ್ದೇಶ.

ಪಾದಯಾತ್ರೆಗೆ ಹೊರಡುವವನು ಮೊದಲು ಕಲಿಯಬೇಕಾದ ಪಾಠವೆಂದರೆ ಬಿಡುವುದು. ಎರಡು ಪಂಚೆ, ಒಂದು ಹೊದಿಕೆ, ಸಂಧ್ಯಾವಂದನೆಯ ಪಾತ್ರೆ, ಗೋಪೀಚಂದನ, ಜಪಮಣಿ, ಒಂದು ಹೊತ್ತಿಗಾಗುವ ಅವಲಕ್ಕಿ, ಇಷ್ಟನ್ನು ಚೀಲದಲ್ಲಿ ತುಂಬಿ ಹೆಗಲಿಗೇರಿಸಿದರೆ ಐದನೆಯ ಮೈಲಿಯಲ್ಲಿ ಅದೂ ಹೆಚ್ಚಾಯಿತೆಂದು ತೋರುತ್ತದೆ. ಹೀಗಿರುವಾಗ ಮೂರೂವರೆ ಅಡಿ ಉದ್ದದ, ಮೈಯೆಲ್ಲ ಸೂಕ್ಷ್ಮವಾದ, ಬಿಸಿಲಿಗೂ ಆಗದ ಇಬ್ಬನಿಗೂ ಆಗದ ವಾದ್ಯವೊಂದನ್ನು ಒಯ್ಯುವುದು ವಿವೇಕವೇ ಎಂಬ ಪ್ರಶ್ನೆ ಸಹಜವಾಗಿಯೇ ಎದ್ದಿತು. ಅದು ನಮ್ಮ ತೀರ್ಥರೂಪರ ತಂಬೂರಿ. ಮಿರಜಿನಿಂದ ತಂದ ಸೋರೆಬುರುಡೆಯ ವಾದ್ಯ. ಅವರು ಹರಿಪಾದವನ್ನು ಸೇರಿದ ಮೇಲೆ ಆರು ವರ್ಷ ಅದು ಗವಸಿನೊಳಗೆ ಗೋಡೆಯ ಗೂಟಕ್ಕೆ ತೂಗಿಕೊಂಡಿತ್ತು. ತಂಡದ ತರುಣರು, "ಶ್ರುತಿಗೆ ಮೊಬೈಲು ಸಾಲದೇ?" ಎಂದರು. ನಮ್ಮ ತಾಯಿಯವರು ಮಾತ್ರ ಬೇಕೆಂದೂ ಬೇಡವೆಂದೂ ಹೇಳಲಿಲ್ಲ. ಗವಸನ್ನು ಒಗೆದು ಒಣಗಿಸಿ ಕೊಟ್ಟರು.

ಎಲ್ಲವನ್ನೂ ಬಿಟ್ಟು ನಡೆಯುವವನು ವಾದ್ಯವೊಂದನ್ನು ಮಾತ್ರ ಬಿಡದಿರುವುದು ಇಂದು ನಿನ್ನೆಯ ಪದ್ಧತಿಯಲ್ಲ. ದೇವರ್ಷಿಗಳಾದ ನಾರದರನ್ನು ಸ್ಮರಿಸೋಣ. ದಕ್ಷಪ್ರಜಾಪತಿಯ ಮಕ್ಕಳಿಗೆ ವೈರಾಗ್ಯವನ್ನು ಉಪದೇಶಿಸಿ ಅವರನ್ನು ಮೋಕ್ಷಮಾರ್ಗಕ್ಕೆ ಹಚ್ಚಿದ ಕಾರಣ, ಲೋಕದಲ್ಲಿ ಎಲ್ಲಿಯೂ ನಿನಗೆ ನೆಲೆಯಿಲ್ಲದಿರಲಿ ಎಂದು ದಕ್ಷನು ಅವರನ್ನು ಶಪಿಸಿದ ಪ್ರಸಂಗ ಭಾಗವತದ ಷಷ್ಠಸ್ಕಂಧದಲ್ಲಿದೆ. ನಾರದರು ತಿರುಗಿ ಶಪಿಸಲಿಲ್ಲ, ಒಪ್ಪಿಕೊಂಡರು. ಅದೇ ಭಾಗವತದ ಪ್ರಥಮಸ್ಕಂಧದಲ್ಲಿ ಅವರು ವೇದವ್ಯಾಸದೇವರಿಗೆ, ದೇವರು ಕೊಟ್ಟ ವೀಣೆಯನ್ನು ನುಡಿಸುತ್ತ ಹರಿಕಥೆಯನ್ನು ಹಾಡುತ್ತ ತಾವು ಸಂಚರಿಸುವುದಾಗಿ ಅರಿಕೆ ಮಾಡಿಕೊಳ್ಳುತ್ತಾರೆ. ಮನೆಯಿಲ್ಲ, ಮಠವಿಲ್ಲ, ಗಂಟುಮೂಟೆಯಿಲ್ಲ. ಕೈಯಲ್ಲಿ ವೀಣೆ ಮಾತ್ರ ಇದೆ. ನೆಲೆಯಿಲ್ಲದವರಿಗೆ ಆ ನಾದವೇ ನೆಲೆಯಾಯಿತೆಂದು ನಾವು ತಿಳಿಯಬೇಕು.

ನಾರದಾಂಶರೆಂದು ಖ್ಯಾತರಾದ ಶ್ರೀಪುರಂದರದಾಸರ ಚರಿತ್ರೆಯೂ ಇದೇ ಅರ್ಥವನ್ನು ಹೇಳುತ್ತದೆ. ನವಕೋಟಿ ನಾರಾಯಣನೆಂದು ಹೆಸರಾಗಿದ್ದ ಶ್ರೀನಿವಾಸನಾಯಕರು, ಪತ್ನಿಯ ಮೂಗುತಿಯ ಪ್ರಸಂಗದಿಂದ ಕಣ್ದೆರೆದು, ಸಂಪತ್ತೆಲ್ಲವನ್ನೂ ದಾನಮಾಡಿ, ಶ್ರೀವ್ಯಾಸರಾಜಗುರುಗಳಲ್ಲಿ ದಾಸದೀಕ್ಷೆಯನ್ನು ಪಡೆದರು. ಚಿನ್ನವನ್ನು ತೂಗಿದ ಕೈ ತಂಬೂರಿಯನ್ನು ಹಿಡಿಯಿತು. ಆ ಕೈಗೆ ಅದು ಸುಲಭವಾಗಿತ್ತೆಂದು ಯಾರೂ ಭಾವಿಸಬಾರದು. ದಂಡಿಗೆಯನ್ನೂ ಗೋಪಾಳದ ಬುಟ್ಟಿಯನ್ನೂ ಹಿಡಿಯಲು ಮೊದಲು ತಮಗೆ ನಾಚಿಕೆಯಾಗುತ್ತಿದ್ದಿತೆಂದೂ, ಆ ಬಿಗುಮಾನ ಹೋದದ್ದು ಹೆಂಡತಿಯಿಂದಲೆಂದೂ ದಾಸರು ತಾವೇ ಹಾಡಿಕೊಂಡಿದ್ದಾರೆ. ಎಂದರೆ ದಾಸರಿಗೆ ತಂಬೂರಿಯು ಅಲಂಕಾರವಾಗಿರಲಿಲ್ಲ. ಬೀದಿಯಲ್ಲಿ ಅದನ್ನು ಹೊತ್ತು ನಡೆದರೆ ಅಭಿಮಾನ ಸವೆಯುತ್ತಿತ್ತು. ಮಧುಕರವೃತ್ತಿಗೆ ಮನೆಯ ಮುಂದೆ ನಿಂತರೆ, ಭಿಕ್ಷೆಯನ್ನು ಬೇಡುವ ಮೊದಲು ಹರಿನಾಮವನ್ನು ಕೊಡುವುದಕ್ಕೆ ಅದು ಸಾಧನವಾಗುತ್ತಿತ್ತು.

ದಾಸರ ಅಂಕಿತದಲ್ಲಿರುವ ವಿಠ್ಠಲನ ಊರಾದ ಪಂಢರಪುರದ ದಾರಿಯಲ್ಲಿ ಇಂದಿಗೂ ಈ ಸಂಪ್ರದಾಯವನ್ನು ಕಾಣಬಹುದು. ಆಳಂದಿಯಿಂದ ಜ್ಞಾನೇಶ್ವರರ ಪಾದುಕೆಗಳ ಪಲ್ಲಕ್ಕಿಯೊಡನೆ ಸುಮಾರು 250 ಕಿಲೋಮೀಟರು ನಡೆದು ಆಷಾಢ ಶುದ್ಧ ಏಕಾದಶಿಗೆ ಪಂಢರಪುರವನ್ನು ಸೇರುವ ವಾರಕರಿಗಳು ದಿಂಡಿಗಳೆಂಬ ತಂಡಗಳಾಗಿ ನಡೆಯುತ್ತಾರೆ. ದಿಂಡಿಯಲ್ಲಿ ತಾಳದವರು ಅನೇಕರಿರುತ್ತಾರೆ. ವೀಣೆಯನ್ನು ಕೊರಳಿಗೆ ಹಾಕಿಕೊಂಡವನಿಗೆ ವೀಣೇಕರಿ ಎಂದು ಹೆಸರು. ಅವನು ದಣಿದಾಗ ವೀಣೆಯನ್ನು ನೆಲಕ್ಕಿಡದೆ ಇನ್ನೊಬ್ಬನ ಕೊರಳಿಗೆ ಹಾಕುತ್ತಾನೆ; ಕೊಟ್ಟವನೂ ಪಡೆದವನೂ ಪರಸ್ಪರ ನಮಸ್ಕರಿಸುತ್ತಾರೆ. ನಾವೂ ಅದೇ ಕ್ರಮವನ್ನು ಅನುಸರಿಸಿದೆವು. ಗಂಟೆಗೊಬ್ಬರಂತೆ ತಂಬೂರಿಯನ್ನು ಹೊರುವುದು, ಹೆಗಲು ಬದಲಾಯಿಸುವಾಗ ನಮಸ್ಕರಿಸುವುದು ಎಂದು ನಿಯಮ ಮಾಡಿಕೊಂಡೆವು. ಹನ್ನೊಂದು ಜನರಲ್ಲಿ ಇಬ್ಬರಿಗೆ ಹಿಂದಿನಿಂದ ಮಾತು ನಿಂತುಹೋಗಿದ್ದಿತು. ಎರಡನೆಯ ದಿನವೇ ಅವರಲ್ಲೊಬ್ಬರ ನಂತರ ಇನ್ನೊಬ್ಬರ ಸರದಿ ಬಂದು, ನಮಸ್ಕರಿಸದೆ ಗತ್ಯಂತರವಿಲ್ಲವಾಯಿತು.

ಪ್ರತಿದಿನ ಅರುಣೋದಯಕ್ಕೆ ತುಂಗಭದ್ರೆಯಲ್ಲಾಗಲಿ ಕಾಲುವೆಯಲ್ಲಾಗಲಿ ಮಾಘಸ್ನಾನ, ಆಹ್ನಿಕ, ಅನಂತರ ಶ್ರುತಿ ಕೂಡಿಸುವುದು. ತಂಬೂರಿಗೆ ನಾಲ್ಕು ತಂತಿಗಳು: ಪಂಚಮವೊಂದು, ಸಾರಣಿ ಎರಡು, ಮಂದ್ರಷಡ್ಜವೊಂದು. ಹಿಂದಿನ ದಿನ ಎಷ್ಟೇ ಚೆನ್ನಾಗಿ ಕೂಡಿಸಿದ್ದರೂ ಬೆಳಗ್ಗೆ ನೋಡಿದರೆ ಅದು ಉಳಿದಿರುತ್ತಿರಲಿಲ್ಲ. ಮಾಘದ ಚಳಿಗೆ ತಂತಿ ಬಿಗಿಯುತ್ತದೆ, ನಡುಹಗಲಿನ ಬಿಸಿಲಿಗೆ ಸಡಿಲುತ್ತದೆ. ಒಣಹವೆಗೆ ಮರ ಕುಗ್ಗಿ ಬಿರಡೆ ಜಾರುತ್ತದೆ. ಬಿರಡೆಗೆ ಸೀಮೆಸುಣ್ಣ ಸವರಿ, ಕುದುರೆಯ ಮೇಲಿನ ಜೀವಾಳದ ಎಳೆಯನ್ನು ಕೂದಲೆಳೆಯಷ್ಟು ಆಚೀಚೆ ಸರಿಸಿ, ಕಿವಿಯನ್ನು ಬುರುಡೆಗೆ ತಾಗಿಸಿ ಕೂಡುವಷ್ಟರಲ್ಲಿ ಕಾಲು ಗಂಟೆ ಹಿಡಿಯುತ್ತಿದ್ದಿತು. ಮೊದಲ ಮೂರು ದಿನ ಇದು ಕಾಲಹರಣವೆಂದೇ ನಮಗೆ ತೋರಿತು. ನಾಲ್ಕನೆಯ ದಿನದಿಂದ ಹನ್ನೊಂದು ಮಂದಿಯೂ ಆ ಕಾಲು ಗಂಟೆ ಮಾತನಾಡದೆ ಕುಳಿತು ಕೇಳತೊಡಗಿದರು.

ಆರನೆಯ ದಿನ ಸಂಜೆ ಅನರ್ಥವಾಯಿತು. ಸಿರುಗುಪ್ಪ ದಾಟಿ ಭತ್ತದ ಗದ್ದೆಗಳ ನಡುವೆ ಕಾಲುವೆಯ ಏರಿಯ ಮೇಲೆ ನಡೆಯುತ್ತಿದ್ದೆವು. ತಂಬೂರಿಯನ್ನು ಹೊತ್ತಿದ್ದವನು ತಂಡದಲ್ಲೆಲ್ಲ ಚಿಕ್ಕವನು, ಕಾಲೇಜಿನಲ್ಲಿ ಓದುವ ಹುಡುಗ. ಹಸಿಮಣ್ಣಿನಲ್ಲಿ ಕಾಲು ಜಾರಿತು. ಬೀಳುವಾಗಲೂ ಎರಡು ಕೈಗಳಿಂದ ತಂಬೂರಿಯನ್ನೇ ಅವುಚಿಕೊಂಡಿದ್ದ. ಮೊಣಕೈ ತರಚಿ ರಕ್ತ ಬಂದಿತ್ತು. ಗವಸು ಬಿಚ್ಚಿ ನೋಡಿದರೆ ಬುರುಡೆಯಲ್ಲಿ ಒಂದು ಗೇಣು ಉದ್ದದ ಬಿರುಕು. ಆಗ ನಾವು ಆಡಿದ ಮಾತನ್ನು ಇಲ್ಲಿ ಬರೆಯಲು ಸಂಕೋಚವಾಗುತ್ತದೆ. ಅವನ ಗಾಯವನ್ನು ವಿಚಾರಿಸುವುದಕ್ಕೆ ಮೊದಲು, "ಇದು ಯಾರದೆಂದು ನಿನಗೆ ಗೊತ್ತಿದೆಯೇ?" ಎಂದು ಗದರಿಸಿದೆವು. ಹುಡುಗ ಮಾತನಾಡಲಿಲ್ಲ. ಆ ರಾತ್ರಿ ಊಟಕ್ಕೂ ಬರಲಿಲ್ಲ. ನಾಮಸ್ಮರಣೆಗೆಂದು ತಂಬೂರಿಯನ್ನು ಹೊತ್ತವರು, ಅದಕ್ಕೊಂದು ಬಿರುಕು ಬಿಟ್ಟೊಡನೆ ಕ್ರೋಧಕ್ಕೆ ವಶರಾದೆವಲ್ಲವೇ?

ಅಂದಿನ ಭಜನೆಗೆ ಮೊಬೈಲಿನ ಶ್ರುತಿಯೇ ಗತಿಯಾಯಿತು. ಯಂತ್ರದ ಶ್ರುತಿಯನ್ನು ದೂಷಿಸುವುದು ನಮ್ಮ ಅಭಿಪ್ರಾಯವಲ್ಲ. ದೂರದೇಶದಲ್ಲಿರುವ ನಮ್ಮ ಎಷ್ಟೋ ಕುಟುಂಬಗಳಲ್ಲಿ ಮಕ್ಕಳು ಅದರ ಬಲದಿಂದಲೇ ದೇವರನಾಮಗಳನ್ನು ಕಲಿಯುತ್ತಿದ್ದಾರೆ. ಅದು ಸಂತೋಷದ ವಿಷಯ. ಆದರೆ ಆ ರಾತ್ರಿ ಒಂದು ವಿಚಿತ್ರವನ್ನು ಕಂಡೆವು. ಯಂತ್ರದ ಶ್ರುತಿ ಕೆಡುವುದಿಲ್ಲ. ಕೆಡದ ಕಾರಣ ನಾವು ಅದಕ್ಕೆ ಕಿವಿಗೊಡುವುದನ್ನೇ ಬಿಟ್ಟೆವು. ಮೂರನೆಯ ಪದದ ಹೊತ್ತಿಗೆ ಒಬ್ಬೊಬ್ಬರ ಧ್ವನಿ ಒಂದೊಂದು ಕಡೆಗಿದ್ದಿತು. ಶ್ರುತಿ ಸರಿಯಾಗಿಯೇ ಇದ್ದಿತು, ಸರಿಯಿಲ್ಲದವರು ನಾವು.

ಮರುದಿನ ರಥಸಪ್ತಮಿ. ದಾರಿಯ ಹಳ್ಳಿಯೊಂದರಲ್ಲಿ ಎತ್ತಿನ ಗಾಡಿ, ಕೂರಿಗೆಗಳನ್ನು ಮಾಡುವ ವೃದ್ಧ ಬಡಗಿಯೊಬ್ಬರಿದ್ದರು. ವಾದ್ಯವನ್ನು ಎಂದೂ ಮುಟ್ಟಿದವರಲ್ಲವೆಂದು ಮೊದಲೇ ಹೇಳಿದರು, ಆದರೂ ಕೈಯೊಡ್ಡಿದರು. ಬುರುಡೆಯನ್ನು ತಿರುಗಿಸಿ ತಿರುಗಿಸಿ ನೋಡಿ, "ಸ್ವಾಮೀ, ಇದು ಹಿಂದೆಯೂ ಒಮ್ಮೆ ಒಡೆದಿದೆ" ಎಂದರು. ಬಣ್ಣದ ಕೆಳಗೆ, ಇನ್ನೊಂದು ಮಗ್ಗುಲಲ್ಲಿ, ಹಳೆಯ ಬಿರುಕನ್ನು ಬೆಸೆದ ಗುರುತು ನಮಗೂ ಕಂಡಿತು. ಇಷ್ಟು ವರ್ಷ ಒರೆಸಿ ತೂಗುಹಾಕಿದವರು ಅದನ್ನು ಕಂಡಿರಲಿಲ್ಲ. ಹಾಗಾದರೆ ತೀರ್ಥರೂಪರ ಕೈಯಲ್ಲಿಯೂ ಇದು ಬಿದ್ದಿದ್ದಿತು! ನಾವು ಯಾವುದನ್ನು ಅವರ ನೆನಪೆಂದು ಜೋಪಾನ ಮಾಡಿದ್ದೆವೋ ಅದನ್ನು ಅವರು ಹೊತ್ತು ತಿರುಗಿ ಸವೆಸಿದ್ದರು. ಬಡಗಿಯು ಅಂಟು ಹಾಕಿ, ಒಳಗಿನಿಂದ ಬಟ್ಟೆಯ ಪಟ್ಟಿ ಹಚ್ಚಿ, ದಾರ ಬಿಗಿದು ಕೊಟ್ಟರು, ಹಣವನ್ನು ಮುಟ್ಟಲಿಲ್ಲ. ಅಂದು ಹೊರಡುವಾಗ ಹುಡುಗನನ್ನು ಕರೆದು, ಮೊದಲು ಅವನ ಮೊಣಕೈಯನ್ನು ನೋಡಿ, ಆಡಿದ ಮಾತಿಗೆ ಕ್ಷಮೆ ಕೇಳಿ, ತಂಬೂರಿಯನ್ನು ಅವನ ಹೆಗಲಿಗೇ ಏರಿಸಿ ನಮಸ್ಕರಿಸಿದೆವು. ಅವನು ಬೇಡವೆಂದು ಹಿಂಜರಿದ, ಆಮೇಲೆ ಹೊತ್ತ.

ಇಲ್ಲಿ ತತ್ತ್ವದ ಮಾತೊಂದನ್ನು ಹೇಳಬೇಕು. ತತ್ತ್ವಗಳು ಎರಡು, ಸ್ವತಂತ್ರ ಮತ್ತು ಅಸ್ವತಂತ್ರ ಎಂದು ಶ್ರೀಮದಾಚಾರ್ಯರು ತತ್ತ್ವಸಂಖ್ಯಾನದಲ್ಲಿ ನಿರ್ಣಯಿಸಿದ್ದಾರೆ. ಶ್ರೀಹರಿಯೊಬ್ಬನೇ ಸ್ವತಂತ್ರ, ಉಳಿದುದೆಲ್ಲ ಅವನ ಅಧೀನ. ಹಾಡುವವನಿಗೂ ಶ್ರುತಿಗೂ ಇರುವ ಸಂಬಂಧವನ್ನು ನೋಡಿದರೆ ಮಂದಮತಿಗಳಾದ ನಮಗೂ ಇದು ಅಲ್ಪಸ್ವಲ್ಪ ಮನಸ್ಸಿಗೆ ಹತ್ತುತ್ತದೆ. ನಮ್ಮ ಹಾಡು ನಿಂತರೆ ಶ್ರುತಿಗೆ ಕೊರತೆಯಿಲ್ಲ. ಶ್ರುತಿ ತಪ್ಪಿದರೆ ಹಾಡಿಗೆ ಬಾಳಿಲ್ಲ. ಇನ್ನೊಂದು ಸೂಕ್ಷ್ಮವೂ ಇದೆ. ಶ್ರುತಿಯಲ್ಲಿ ಸೇರಿದ ಕಂಠ ಶ್ರುತಿಯೇ ಆಗಿಬಿಡುವುದಿಲ್ಲ. ಕಂಠ ಕಂಠವೇ, ಶ್ರುತಿ ಶ್ರುತಿಯೇ. ಹನ್ನೊಂದು ಕಂಠಗಳು ಒಂದೇ ಷಡ್ಜದಲ್ಲಿ ನಿಂತಾಗಲೂ ಒಂದರಂತೆ ಇನ್ನೊಂದಿಲ್ಲ. ಭೇದ ಅಳಿಯದೆಯೇ ಆನಂದ ಉಂಟಾಗುತ್ತದೆ. ಮುಕ್ತಿಯಲ್ಲಿಯೂ ಭೇದವೂ ತಾರತಮ್ಯವೂ ಉಂಟೆಂಬ ನಮ್ಮ ಸಿದ್ಧಾಂತವನ್ನು ಮಕ್ಕಳಿಗೆ ಹೇಳಬೇಕಾದರೆ ತಂಬೂರಿಯ ಬಳಿ ಕೂಡಿಸಿಕೊಂಡು ಹೇಳಬಹುದು.

ಬೆಳಗ್ಗೆ ಕೂಡಿಸಿದ ಶ್ರುತಿ ಸಂಜೆಗೆ ಇಳಿಯುವಂತೆ, ಒಮ್ಮೆ ಕೇಳಿದ ಉಪನ್ಯಾಸವಾಗಲಿ, ವರ್ಷಕ್ಕೊಮ್ಮೆ ಮಾಡಿದ ಆರಾಧನೆಯಾಗಲಿ ದಾರಿಯ ಬಿಸಿಲಿಗೆ ಇಳಿಯುತ್ತದೆ. ಕಚೇರಿ, ಸಾಲ, ಮಕ್ಕಳ ಓದು, ಕಾಯಿಲೆ, ಇವೇ ನಮ್ಮ ಬಿಸಿಲು. ದಿನದಿನವೂ ಬಿರಡೆ ತಿರುಗಿಸಲೇಬೇಕು. ನಿತ್ಯಾನುಷ್ಠಾನವನ್ನು ನಮ್ಮ ಹಿರಿಯರು ನಿಯಮಿಸಿದ್ದು ಇದಕ್ಕಾಗಿಯೇ. ಮನೆಯ ಗೂಟದಲ್ಲಿ ಸುರಕ್ಷಿತವಾಗಿರುವ ತಂಬೂರಿ ದಾರಿ ನಡೆಯುವವನ ಕಿವಿಗೆ ಬೀಳುವುದು ಹೇಗೆ?

ನವಮಿಯ ದಿನ ಮಂತ್ರಾಲಯವನ್ನು ಸೇರಿದೆವು. ಅಲ್ಲಿ 1671ರಲ್ಲಿ ಬೃಂದಾವನಸ್ಥರಾದ ಶ್ರೀರಾಘವೇಂದ್ರಸ್ವಾಮಿಗಳು ಪೂರ್ವಾಶ್ರಮದಲ್ಲಿ ವೀಣಾವಿದ್ಯೆಯಲ್ಲಿ ನಿಪುಣರಾಗಿದ್ದವರು. ಅವರ ಮುತ್ತಾತಂದಿರಾದ ಕೃಷ್ಣಭಟ್ಟರು ಶ್ರೀಕೃಷ್ಣದೇವರಾಯನಿಗೆ ವೀಣೆಯನ್ನು ಕಲಿಸಿದವರೆಂದು ಪರಂಪರೆ ಹೇಳುತ್ತದೆ. ಅಂಥವರ ಸನ್ನಿಧಿಯಲ್ಲಿ ಬೆಸೆದ ತಂಬೂರಿಯನ್ನು ಮೀಟಲು ಅಳುಕಾಯಿತು. ಮೊದಲಿನ ತುಂಬುನಾದ ಅದರಲ್ಲಿರಲಿಲ್ಲ. ಮಂದ್ರದ ತಂತಿಯಲ್ಲಿ ಸ್ವಲ್ಪ ಒರಟುತನ ಸೇರಿತ್ತು. ಆದರೆ ಹನ್ನೊಂದು ಮಂದಿಯೂ ಅಂದು ಕಿವಿಗೊಟ್ಟು ಹಾಡಿದೆವು. ಶ್ರುತಿ ತಪ್ಪಲಿಲ್ಲ.

ಊರಿಗೆ ಮರಳಿ ತಾಯಿಯವರ ಮುಂದೆ ಗವಸು ಬಿಚ್ಚಿ, ಆದದ್ದನ್ನು ಹೇಳಿದೆವು. ಅವರು ಹೊಸ ಬಿರುಕಿನ ಮೇಲೆ ಕೈಯಾಡಿಸಿ, ತಿರುಗಿಸಿ ಹಳೆಯದರ ಮೇಲೂ ಕೈಯಾಡಿಸಿ, "ಇದು ಪಂಢರಪುರದ ದಾರಿಯಲ್ಲಿ ಒಡೆದದ್ದಪ್ಪಾ. ಆಗ ನೀನಿನ್ನೂ ಹುಟ್ಟಿರಲಿಲ್ಲ. ಅವರೂ ಒಬ್ಬ ಹುಡುಗನ ಮೇಲೆ ಹೀಗೆಯೇ ಸಿಟ್ಟಾಗಿದ್ದರಂತೆ. ಕಡೆಯವರೆಗೂ ಅದನ್ನು ಹೇಳಿಕೊಂಡು ನೊಂದುಕೊಳ್ಳುತ್ತಿದ್ದರು" ಎಂದರು. ತಂಬೂರಿಯನ್ನು ಮತ್ತೆ ಗೂಟಕ್ಕೆ ತೂಗುಹಾಕಲಿಲ್ಲ; ದೇವರ ಮನೆಯ ಬಾಗಿಲ ಪಕ್ಕದಲ್ಲಿ, ಕೈಗೆ ಸಿಕ್ಕುವಂತೆ ನಿಲ್ಲಿಸಿದರು.

ಯಾತ್ರೆಗೆ ಹೊರಡುವ ಸಜ್ಜನರಿಗೆ ನಮ್ಮ ವಿಜ್ಞಾಪನೆ ಇಷ್ಟೇ. ದೊಡ್ಡ ತಂಬೂರಿ ಬೇಡ. ಗಿಡ್ಡ ದಂಡಿಗೆಯದೋ ಏಕತಾರಿಯೋ ಸಾಕು, ಅದೂ ಇಲ್ಲದಿದ್ದರೆ ಒಂದು ಜೊತೆ ತಾಳ. ಹತ್ತಿಬಟ್ಟೆಯ ಗವಸು, ಹೆಚ್ಚಿಗೆ ಎರಡು ತಂತಿ, ಒಂದು ತುಂಡು ಸೀಮೆಸುಣ್ಣ ಇರಲಿ. ಬಿಸಿಲಿನಲ್ಲಿ ಇಡಬೇಡಿ, ತಂತಿಗಳನ್ನು ಸ್ವಲ್ಪ ಸಡಿಲಿಸದೆ ವಾಹನದಲ್ಲಿ ಸಾಗಿಸಬೇಡಿ. ಹೊರುವ ಸರದಿಯಲ್ಲಿ ಮಕ್ಕಳನ್ನೂ ಸೇರಿಸಿರಿ. ಅವರ ಕೈಯಿಂದ ಅದು ಬಿದ್ದರೆ, ಮೊದಲು ಅವರ ಮೊಣಕೈಯನ್ನು ನೋಡಿರಿ.

ಹರಿದಾಸರ ಹೆಗಲನ್ನು ಬಿಡದ ಆ ನಾದವು ನಮ್ಮೆಲ್ಲರ ಮನೆ ದಾರಿಗಳಲ್ಲಿಯೂ ಉಳಿಯುವಂತೆ ಶ್ರೀಹರಿವಾಯುಗುರುಗಳು ಅನುಗ್ರಹಿಸಲೆಂದು ಪ್ರಾರ್ಥಿಸುತ್ತೇವೆ.

॥ ಶ್ರೀಕೃಷ್ಣಾರ್ಪಣಮಸ್ತು ॥