ಮೊದಲ ಗಿರಾಕಿ ಯಾರು?

*ಇಂದಿನ ಧಮ್ಮ ಚಿಂತನೆ: ಸಮ್ಮಾ ಆಜೀವ*

ನಮ್ಮ ಮಕ್ಕಳಲ್ಲಿ ಹಲವರು ಈಗ ನೌಕರಿಗೆ ಕಾಯದೆ ಫ್ರೀಲ್ಯಾನ್ಸ್ ಕೆಲಸಕ್ಕೆ ಇಳಿದಿದ್ದಾರೆ. ಡಿಸೈನ್, ಡಿಟಿಪಿ, ಅನುವಾದ, ವಿಡಿಯೋ ಎಡಿಟಿಂಗ್. ಕೆಲಸ ಚೆನ್ನಾಗಿ ಬಲ್ಲರು, ಗಿರಾಕಿಗಳೇ ಸಿಗುವುದಿಲ್ಲ.

ಈ ಕಷ್ಟ ಬಾಬಾಸಾಹೇಬರಿಗೂ ಬಂದಿತ್ತು. 1917ರಲ್ಲಿ ಬರೋಡಾದ ನೌಕರಿ ಬಿಟ್ಟು ಮುಂಬಯಿಗೆ ಬಂದ ಮೇಲೆ ಅವರು ಷೇರು ವ್ಯವಹಾರದವರಿಗೆ ಸಲಹೆ ಕೊಡುವ ಸ್ವಂತ ಉದ್ಯೋಗ ಆರಂಭಿಸಿದರು. ಕೊಲಂಬಿಯಾದಲ್ಲಿ ಅರ್ಥಶಾಸ್ತ್ರ ಓದಿ ಬಂದವರಿಗೆ ತಿಳಿವಳಿಕೆಯ ಕೊರತೆ ಇರಲಿಲ್ಲ. ಸಲಹೆಗಾರರ ಜಾತಿ ತಿಳಿಯುತ್ತಲೇ ಗಿರಾಕಿಗಳು ಬರುವುದು ನಿಂತಿತು. 1923ರಲ್ಲಿ ವಕೀಲಿ ಶುರು ಮಾಡಿದಾಗಲೂ ಸಾಲಿಸಿಟರುಗಳು ಕೇಸು ಕೊಡಲು ಹಿಂಜರಿದರು. ಆದ್ದರಿಂದ ಗಿರಾಕಿ ಸಿಗದ ಮಗುವಿಗೆ “ನಿನ್ನಲ್ಲೇ ಏನೋ ಕೊರತೆ” ಎಂದು ಅವಸರದಲ್ಲಿ ಹೇಳಬಾರದು.

ದೀಘಜಾಣು ಎಂಬ ಕೋಲಿಯ ಗೃಹಸ್ಥನಿಗೆ ಭಗವಾನ್ ಬುದ್ಧರು ಈ ಬದುಕಿನ ಹಿತಕ್ಕಾಗಿ ನಾಲ್ಕು ಸಂಗತಿ ಹೇಳಿದರು: ದಕ್ಷತೆಯ ದುಡಿಮೆ, ಗಳಿಸಿದ್ದರ ರಕ್ಷಣೆ, ಕಲ್ಯಾಣಮಿತ್ರರ ಸಂಗ, ಆದಾಯಕ್ಕೆ ತಕ್ಕ ಜೀವನ. ಇವುಗಳಲ್ಲಿ ಮೂರನ್ನು ಆ ಮಗು ತಾನೇ ಮಾಡಿಕೊಳ್ಳಬಹುದು. ಕಲ್ಯಾಣಮಿತ್ರರಾಗಲು ಮಾತ್ರ ನಾವು ಬೇಕು.

ನಾವು ಮಾಡುತ್ತಿರುವುದೇನು? ಏಪ್ರಿಲ್ 14 ಹತ್ತಿರ ಬಂತೆಂದರೆ ಬ್ಯಾನರ್, ಕರಪತ್ರ ಎಲ್ಲ ಆ ಹುಡುಗನ ತಲೆಗೆ. ಶಾಮಿಯಾನದವರಿಗೆ ಮುಂಗಡ, ಮೈಕಿನವರಿಗೆ ಪೂರ್ತಿ ಬಾಡಿಗೆ, ಇವನಿಗೆ ಮಾತ್ರ “ನಮ್ಮ ಹುಡುಗ ತಾನೇ” ಎಂಬ ಮಾತು. ಹೊರಗಿನವರು ಜಾತಿ ಕೇಳಿ ಕೆಲಸ ಕೊಡುವುದಿಲ್ಲ. ನಾವು ನಮ್ಮವನೆಂದು ಕೂಲಿ ಕೊಡುವುದಿಲ್ಲ. ಅವರೂ ನಾವೂ ನೋಡಿದ್ದು ಹುಟ್ಟನ್ನೇ. ಅವನ ದುಡಿಮೆಗೆ ಬೆಲೆ ಕಟ್ಟಿದವರು ಯಾರೂ ಇಲ್ಲ.

“ಹಾಗಾದರೆ ಸಮಾಜಕ್ಕೆ ಸೇವೆ ಬೇಡವೇ?” ಎಂದು ಕೇಳಬಹುದು. ಖಂಡಿತ ಬೇಕು. ತಾನಾಗಿ ಮನಸಾರೆ ಕೊಟ್ಟರೆ ಅದು ದಾನ. ಹಿರಿಯರ ಮುಂದೆ ಇಲ್ಲ ಎನ್ನಲಾಗದೆ ಮಾಡಿಕೊಟ್ಟರೆ, ಕೊಡದೇ ಇದ್ದುದನ್ನು ನಾವು ತೆಗೆದುಕೊಂಡಂತೆ. ನಾವು ಸ್ವೀಕರಿಸಿದ ಎರಡನೆಯ ಶೀಲ ಇದಕ್ಕೂ ಅನ್ವಯಿಸುತ್ತದೆ. ನಮ್ಮ ಅಜ್ಜಂದಿರಿಂದ ಊರು ಮಾಡಿಸಿಕೊಂಡ ಬಿಟ್ಟಿ ಚಾಕರಿಯನ್ನು ಮೊಮ್ಮಕ್ಕಳಿಂದ ನಾವೇ ಮಾಡಿಸಿಕೊಳ್ಳುವುದು ಯಾವ ಧಮ್ಮ?

*ಇಂದಿನ ಅಭ್ಯಾಸ:* ಹೊಸದಾಗಿ ಕೆಲಸ ಆರಂಭಿಸಿದ ಒಬ್ಬರಿಗೆ ಒಂದು ಕೆಲಸ ಕೊಡೋಣ. ದರವನ್ನು ಮೊದಲೇ ಕೇಳೋಣ. ತಪ್ಪಿದ್ದರೆ ಹೇಳಿ ತಿದ್ದಿಸೋಣ. ಮುಗಿದ ದಿನವೇ ಹಣ ಕೊಡೋಣ. ಕೆಲಸ ಚೆನ್ನಾಗಿದ್ದರೆ ಇನ್ನಿಬ್ಬರಿಗೆ ಅವರ ಹೆಸರು ಹೇಳೋಣ.

ಎಲ್ಲರಿಗೂ ಮಂಗಳವಾಗಲಿ.
ಜೈ ಭೀಮ್ 💙